ವಿಮಾನ ನಿಲ್ದಾಣಕ್ಕೆ ಕರೆಂಟ್ ಕಾರು: ಹೋಗುವ ಲೆಕ್ಕಕ್ಕಿಂತ ಬರುವ ಲೆಕ್ಕ ದೊಡ್ಡದು

ಶುಕ್ರವಾರ ಜುಮಾ ಮುಗಿಸಿ ಮಸೀದಿಯಿಂದ ಹೊರಬಂದಾಗ ಸಾಲಾಗಿ ನಿಂತ ಗಾಡಿಗಳನ್ನು ಒಮ್ಮೆ ನೋಡಿ. ಎರಡು-ಮೂರು ವರ್ಷಗಳ ಹಿಂದೆ ಕಾಣದಿದ್ದ ಹಸಿರು ನಂಬರ್ ಪ್ಲೇಟು ಈಗ ನಮ್ಮ ಕೆ.ಜಿ.ಎಫ್., ಬಂಗಾರಪೇಟೆಯಲ್ಲೂ ಕಾಣುತ್ತದೆ. ಊರೊಳಗೆ ಓಡಾಡಲು, ಕೋಲಾರಕ್ಕೆ ಹೋಗಿ ಬರಲು ಈ ಕಾರುಗಳು ಅನುಕೂಲವೇ. ಪೆಟ್ರೋಲಿನ ಖರ್ಚು ಉಳಿದಿದೆ ಎಂದು ಕೊಂಡವರು ಹೇಳುತ್ತಾರೆ. ಆದರೆ ಮನೆಯಲ್ಲಿ ಯಾರಾದರೂ ಉಮ್ರಾಕ್ಕೆ ಹೊರಟಾಗ, ದುಬೈಯಿಂದ ತಮ್ಮ ಬರುವಾಗ, ಅದೇ ಕಾರಿನಲ್ಲಿ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋಗಿಬರಬಹುದೇ ಎಂಬ ಪ್ರಶ್ನೆ ಏಳುತ್ತದೆ. ಹೋಗಿಬರಬಹುದು. ಆದರೆ ಹಿಂದಿನ ದಿನವೇ ಕಾಗದ, ಪೆನ್ನು ಹಿಡಿದು ಕೂರಬೇಕು.

ಕರೆಂಟಿನ ಲೆಕ್ಕ ನಮ್ಮ ಊರಿಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ ಹರಿದು ನಮ್ಮ ಚಿನ್ನದ ಗಣಿಗಳಿಗೆ ಬಂತು. ಬೆಂಗಳೂರು ನಗರಕ್ಕೆ ಕರೆಂಟು ಸಿಕ್ಕಿದ್ದು ಅದಾದ ಮೇಲೆ, 1905ರಲ್ಲಿ. ಅಂದು ಕರೆಂಟು ಅಷ್ಟು ದೂರದಿಂದ ನಮ್ಮ ಹತ್ತಿರ ಬಂತು. ಇಂದು ನಾವೇ ಅದನ್ನು ಡಬ್ಬಿಯಲ್ಲಿ ತುಂಬಿಕೊಂಡು 220 ಕಿ.ಮೀ. ಹೋಗಿ ಬರಬೇಕಾಗಿದೆ. ಡಬ್ಬಿಯಲ್ಲಿ ಎಷ್ಟಿದೆ, ದಾರಿಗೆ ಎಷ್ಟು ಬೇಕು, ಎಲ್ಲಿ ತುಂಬಬೇಕು ಎನ್ನುವುದೇ ಇಡೀ ವಿಷಯ.

ಮೊದಲು ದೂರ

ರಾಬರ್ಟ್‌ಸನ್ ಪೇಟೆಯಿಂದ ಕೋಲಾರ ಸುಮಾರು 30 ಕಿ.ಮೀ. ಕೋಲಾರದಿಂದ ಹೊಸಕೋಟೆ ಸುಮಾರು 42. ಹೊಸಕೋಟೆಯಿಂದ ವಿಮಾನ ನಿಲ್ದಾಣಕ್ಕೆ 38ರ ಆಸುಪಾಸು. ಒಟ್ಟು 110 ಎಂದಿಟ್ಟುಕೊಳ್ಳಿ. ಬಂಗಾರಪೇಟೆಯವರಿಗೆ ಹತ್ತು-ಹದಿನೈದು ಕಿ.ಮೀ. ಕಡಿಮೆ. ಕೋಲಾರದಿಂದ ವೇಮಗಲ್, ಎಚ್. ಕ್ರಾಸ್, ವಿಜಯಪುರದ ಮೇಲೆ ದೇವನಹಳ್ಳಿಗೆ ಹೋಗುವ ದಾರಿ ಸ್ವಲ್ಪ ಹತ್ತಿರ. ಆದರೆ ಹೊಸಕೋಟೆಯ ಹೆದ್ದಾರಿಯಲ್ಲಿ ಸಿಗುವಷ್ಟು ಚಾರ್ಜರ್‌ಗಳನ್ನು ಆ ದಾರಿಯಲ್ಲಿ ನಿರೀಕ್ಷಿಸಬೇಡಿ.

2024ರ ಕೊನೆಯಲ್ಲಿ ವಾಹನಗಳಿಗೆ ಬಿಟ್ಟ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆ–ಬೇತಮಂಗಲ ಭಾಗವೂ ಇದೆ. ರಸ್ತೆ ಚೆನ್ನಾಗಿದೆ ಎಂದು ಕಾಲು ತಾನಾಗಿ ಒತ್ತುತ್ತದೆ. ವೇಗ ಹೆಚ್ಚಿದಷ್ಟೂ ಬ್ಯಾಟರಿ ಬೇಗ ಇಳಿಯುತ್ತದೆ. ಅಲ್ಲಿ ಬೇಕೆಂದ ಕಡೆ ಇಳಿಯಲೂ ಆಗದು, ನಿಗದಿಯಾದ ಜಾಗದಲ್ಲಷ್ಟೇ ಹೊರಗೆ ದಾರಿ. ಆದ್ದರಿಂದ ಬ್ಯಾಟರಿ ಕಡಿಮೆ ಇರುವಾಗ ಆ ದಾರಿ ಬೇಡ.

ಕಂಪನಿಯ ಅಂಕಿ, ನಿಮ್ಮ ಅಂಕಿ

ಕಾರಿನ ಬ್ಯಾಟರಿಯನ್ನು ಕಿಲೋವ್ಯಾಟ್ ಅವರ್‌ನಲ್ಲಿ ಅಳೆಯುತ್ತಾರೆ. ಹೆಸರು ಕೇಳಿ ಗಾಬರಿ ಬೇಡ, ಮನೆಯ ಕರೆಂಟ್ ಬಿಲ್ಲಿನಲ್ಲಿ ಬರೆದಿರುವ ಒಂದು ಯೂನಿಟ್ ಎಂದರೆ ಅದೇ. 30ರ ಬ್ಯಾಟರಿ ಎಂದರೆ 30 ಯೂನಿಟ್ ಹಿಡಿಯುವ ಬ್ಯಾಟರಿ.

ಅಂಥ ಕಾರು ಒಮ್ಮೆ ತುಂಬಿಸಿದರೆ 300 ಕಿ.ಮೀ.ಗೂ ಹೆಚ್ಚು ಓಡುತ್ತದೆ ಎಂದು ಕಂಪನಿಯವರು ಬರೆದಿರುತ್ತಾರೆ. ಅದು ಪರೀಕ್ಷಾ ಕೊಠಡಿಯ ಅಂಕಿ. ನಮ್ಮ ಪ್ರಯಾಣದಲ್ಲಿ ಐದು ಜನ ಕೂರುತ್ತಾರೆ, ಡಿಕ್ಕಿಯ ತುಂಬ ಸೂಟ್‌ಕೇಸು, ಎ.ಸಿ. ಓಡುತ್ತಿರುತ್ತದೆ, ಹೆದ್ದಾರಿಯ ವೇಗ. ಹೀಗಿರುವಾಗ ಯೂನಿಟ್‌ಗೆ 6 ಕಿ.ಮೀ. ಎಂದು ಹಿಡಿಯುವುದು ಸುರಕ್ಷಿತ. ಅಂದರೆ 30 ಯೂನಿಟ್ ಕಾರು ಖಾಲಿಯಾಗುವವರೆಗೆ 180 ಕಿ.ಮೀ. ನಿಮ್ಮ ಕಾರಿನ ನಿಜವಾದ ಅಂಕಿ ಬೇಕಿದ್ದರೆ, ಮನೆಯವರನ್ನೆಲ್ಲ ಕೂರಿಸಿಕೊಂಡು ಒಮ್ಮೆ ಕೋಲಾರಕ್ಕೆ ಹೋಗಿ ಬನ್ನಿ. ಶೇಕಡಾ ಎಷ್ಟು ಇಳಿಯಿತು ಎಂದು ಬರೆದಿಡಿ. ಕಂಪನಿಯ ಕಾಗದಕ್ಕಿಂತ ಆ ಬರಹವನ್ನು ನಂಬಿ.

ಇನ್ನೊಂದು ನಿಯಮ. ಕೊನೆಯ 20 ಶೇಕಡಾ ನಿಮ್ಮದಲ್ಲ ಎಂದುಕೊಳ್ಳಿ. ಮನೆಯಲ್ಲಿ ಕಷ್ಟಕಾಲಕ್ಕೆಂದು ಎತ್ತಿಟ್ಟ ಹಣ ಇದ್ದ ಹಾಗೆ ಅದು.

ಒಂದು ಉದಾಹರಣೆ

ಅಬ್ಬಾ, ಅಮ್ಮಿ ಉಮ್ರಾಕ್ಕೆ ಹೊರಟಿದ್ದಾರೆ. ವಿಮಾನ ಬೆಳಿಗ್ಗೆ 6.30ಕ್ಕೆ. ವಿದೇಶಕ್ಕೆ ಹೋಗುವ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಮೂರು ಗಂಟೆ ಮುಂಚೆ, ಅಂದರೆ 3.30ಕ್ಕೆ ಅಲ್ಲಿರಬೇಕು. ಮೂರು ಗಂಟೆ ದಾರಿ ಎಂದು ಹಿಡಿದರೆ ಮನೆ ಬಿಡುವುದು ರಾತ್ರಿ 12.30ಕ್ಕೆ. ಕಾರು 30 ಯೂನಿಟ್‌ನದು, ಪೂರ್ತಿ ತುಂಬಿದೆ.

ಹೋಗುವಾಗ 110 ಕಿ.ಮೀ.ಗೆ ಸುಮಾರು 18 ಯೂನಿಟ್ ಖರ್ಚು. ತಲುಪಿದಾಗ 12 ಯೂನಿಟ್ ಹತ್ತಿರ, ಅಂದರೆ 39 ಶೇಕಡಾ ಉಳಿದಿರುತ್ತದೆ. ಅಬ್ಬಾ, ಅಮ್ಮಿ ದಾರಿಯಲ್ಲಿ ಎಲ್ಲೂ ಚಾರ್ಜಿಗೆಂದು ಕಾಯದೆ ನೆಮ್ಮದಿಯಿಂದ ತಲುಪಿದರು. ಹೋಗುವ ಲೆಕ್ಕ ಇಷ್ಟು ಸುಲಭ. ತೊಂದರೆಯೆಲ್ಲ ಇನ್ನು ಮುಂದೆ.

ಅವರು ಒಳಗೆ ಹೋಗುವವರೆಗೆ ಉಳಿದವರು ಕಾರಿನಲ್ಲಿ ಎ.ಸಿ. ಹಾಕಿಕೊಂಡು ಕೂತರು. ನಿಂತ ಕಾರಿನ ಎ.ಸಿ. ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ಎರಡು ಗಂಟೆಗೆ ಎರಡು ಯೂನಿಟ್. ಈಗ ಉಳಿದದ್ದು ಹತ್ತಕ್ಕೂ ಕಡಿಮೆ, ದೂರದಲ್ಲಿ ಹೇಳುವುದಾದರೆ 58 ಕಿ.ಮೀ. "ಹೊಸಕೋಟೆ ಹೆದ್ದಾರಿಯಲ್ಲಿ ಹಾಕಿಕೊಂಡರಾಯಿತು" ಎಂದು ಹೊರಟರೆ 38 ಕಿ.ಮೀ. ದಾಟಿ ಅಲ್ಲಿಗೇನೋ ಮುಟ್ಟಬಹುದು. ಅಲ್ಲಿನ ಚಾರ್ಜರ್ ಕೆಟ್ಟಿದ್ದರೆ? ಮುಂದೆ ಮೂರು ಕಾರು ಸಾಲಿನಲ್ಲಿದ್ದರೆ? ಉಳಿದಿರುವುದು 20 ಕಿ.ಮೀ. ಅಷ್ಟೇ. ಮತ್ತೊಂದು ಚಾರ್ಜರ್ ಹುಡುಕಿಕೊಂಡು ಮುಂದೆ ಹೋದರೆ ನರಸಾಪುರ ಮುಟ್ಟುವ ಮೊದಲೇ ಗಾಡಿ ನಿಲ್ಲುತ್ತದೆ. ರಾತ್ರಿಯಿಡೀ ನಿದ್ದೆಗೆಟ್ಟ ಹೆಂಗಸರು, ಮಕ್ಕಳು ಹೆದ್ದಾರಿಯ ಬದಿಯಲ್ಲಿ.

ಇಲ್ಲಿಂದ ಕಲಿಯಬೇಕಾದ ಪಾಠ ಒಂದೇ. ಎರಡನೇ ಚಾರ್ಜರ್‌ಗೆ ಹೋಗುವಷ್ಟು ಬ್ಯಾಟರಿ ಇರುವಾಗಲೇ ಮೊದಲನೇ ಚಾರ್ಜರ್‌ಗೆ ಹೋಗಿ. ಈ ಉದಾಹರಣೆಯಲ್ಲಿ ಮೊದಲನೆಯದು ವಿಮಾನ ನಿಲ್ದಾಣದ ಆವರಣ ಅಥವಾ ದೇವನಹಳ್ಳಿಯ ಸುತ್ತಮುತ್ತ. ಅಲ್ಲಿ ಆಗದಿದ್ದರೆ ಹೊಸಕೋಟೆ ಕೈಯಲ್ಲಿರುತ್ತದೆ.

ಎಷ್ಟು ತುಂಬಬೇಕು? ಮನೆಗೆ 18 ಯೂನಿಟ್, ಎತ್ತಿಟ್ಟ 20 ಶೇಕಡಾಕ್ಕೆ 6, ಒಟ್ಟು 24. ಕೈಯಲ್ಲಿ ಸುಮಾರು 10 ಇದೆ, ಇನ್ನು 14ರಿಂದ 15 ಬೇಕು. ಗಂಟೆಗೆ 25 ಯೂನಿಟ್ ತುಂಬುವ ಫಾಸ್ಟ್ ಚಾರ್ಜರ್‌ನಲ್ಲಿ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಅದೇ ಹೊತ್ತಿಗೆ ಫಜ್ರ್ ಸಮಯವೂ ಆಗಿರುತ್ತದೆ. ಗಾಡಿಯನ್ನು ಚಾರ್ಜಿಗೆ ಹಾಕಿ, ವುಝೂ ಮಾಡಿ, ನಮಾಝ್ ಮುಗಿಸಿ, ಒಂದು ಲೋಟ ಚಹಾ ಕುಡಿದು ಬಂದರೆ ಚಾರ್ಜಿಗೆಂದೇ ಕಾದ ಹಾಗೆ ಅನಿಸುವುದಿಲ್ಲ.

80 ಶೇಕಡಾ ದಾಟಿದ ಮೇಲೆ ಮಾತ್ರ ಕಾಯಬೇಡಿ. ಬಿಂದಿಗೆ ತುಂಬುತ್ತಾ ಬಂದಾಗ ಚೆಲ್ಲದಿರಲಿ ಎಂದು ನಲ್ಲಿ ಸಣ್ಣ ಮಾಡುತ್ತೇವಲ್ಲ, ಕಾರೂ ಹಾಗೇ ಮಾಡುತ್ತದೆ. ಕೊನೆಯ 20 ಶೇಕಡಾ ತುಂಬಲು ಬಹಳ ಹೊತ್ತು ಹಿಡಿಯುತ್ತದೆ. ಹಿಂದೆ ಇನ್ನೊಂದು ಕುಟುಂಬ ಕಾಯುತ್ತಿರಬಹುದು, ಜಾಗ ಬಿಡುವುದು ಅವರ ಹಕ್ಕನ್ನು ಕೊಟ್ಟಂತೆ.

ಬ್ಯಾಟರಿ ಬೇರೆಯಾದರೆ

24 ಯೂನಿಟ್ ಕಾರು ವಿಮಾನ ನಿಲ್ದಾಣ ಮುಟ್ಟುತ್ತದೆ. ಆದರೆ ಉಳಿಯುವುದು 34 ಕಿ.ಮೀ.ಯಷ್ಟು ಮಾತ್ರ, ಹೊಸಕೋಟೆಗೂ ಸಾಲದು. ಆದ್ದರಿಂದ ಹೋಗುವಾಗಲೇ ಹೊಸಕೋಟೆ ಬಳಿ ಇಪ್ಪತ್ತು ನಿಮಿಷ ನಿಲ್ಲಿ, ಆ ಇಪ್ಪತ್ತು ನಿಮಿಷ ಮುಂಚೆ ಮನೆ ಬಿಡಿ. 19 ಯೂನಿಟ್ ಆಸುಪಾಸಿನ ಸಣ್ಣ ಕಾರಾದರೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಿಲ್ಲಲೇಬೇಕು. ವಯಸ್ಸಾದವರನ್ನು ವಿಮಾನಕ್ಕೆ ಬಿಡುವ ರಾತ್ರಿ ಆ ಕಾರು ಬೇಡ, ಬೇರೆ ಗಾಡಿ ನೋಡುವುದೇ ಒಳ್ಳೆಯದು. 45 ಯೂನಿಟ್ ಕಾರು ಹೋಗಿ ಬರುವ 220 ಕಿ.ಮೀ.ಯನ್ನು ಚಾರ್ಜಿಲ್ಲದೆ ಮುಗಿಸಬಹುದು. ಆದರೂ ಮನೆ ತಲುಪುವಾಗ 18 ಶೇಕಡಾ ಅಷ್ಟೇ ಉಳಿದಿರುತ್ತದೆ. ಬರುವಾಗ ಹತ್ತು ನಿಮಿಷ ಹಾಕಿಕೊಂಡರೆ ಮನಸ್ಸು ಹಗುರ.

ಚಾರ್ಜರ್ ಸಿಗದೆ ಬ್ಯಾಟರಿ ಸಾಲದು ಎನಿಸಿದಾಗ ಕೈಯಲ್ಲಿರುವ ಒಂದೇ ಉಪಾಯ ವೇಗ ಇಳಿಸುವುದು. ಹೊಸಕೋಟೆಯಿಂದ ಕೆ.ಜಿ.ಎಫ್.ವರೆಗಿನ 72 ಕಿ.ಮೀ.ಯನ್ನು 100ರ ಬದಲು 80ರ ವೇಗದಲ್ಲಿ ಬಂದರೆ ತಡವಾಗುವುದು 11 ನಿಮಿಷ ಮಾತ್ರ. ಎರಡು ಯೂನಿಟ್‌ಗೂ ಹೆಚ್ಚು ಉಳಿಯಬಹುದು, ಅಂದರೆ ಇನ್ನೊಂದು ಹನ್ನೆರಡು ಕಿ.ಮೀ. ಓಡುವಷ್ಟು.

ಕರೆತರುವ ದಿನ

ಬಿಡುವುದಕ್ಕಿಂತ ಕರೆತರುವುದು ಕಷ್ಟ. ವಿಮಾನ ತಡವಾಗಬಹುದು, ಸಾಮಾನು ಬರುವುದು ತಡವಾಗಬಹುದು, ಝಂಝಂ ಕ್ಯಾನಿಗಾಗಿ ನಿಲ್ಲಬೇಕಾಗಬಹುದು. ದಣಿದು ಬಂದ ಹಿರಿಯರನ್ನು ಕೂರಿಸಿಕೊಂಡ ಮೇಲೆ ಚಾರ್ಜರ್ ಹುಡುಕುತ್ತಾ ಅಲೆಯಬಾರದು. ಆದ್ದರಿಂದ ಆ ದಿನ ಒಂದು ಗಂಟೆ ಮುಂಚೆ ಹೋಗಿ, ಅವರು ಇಳಿಯುವ ಮೊದಲೇ ಬ್ಯಾಟರಿ ತುಂಬಿಸಿಕೊಳ್ಳಿ. ಅವರು ಕಾರು ಹತ್ತಿದ ಮೇಲೆ ನೇರ ಮನೆಗೆ.

ಹಜ್ಜ್ ಸಮಿತಿಯ ಮೂಲಕ ಹೋಗುವವರನ್ನು ಮೊದಲು ಬಿಡಬೇಕಾದುದು ಹೆಗಡೆ ನಗರದ ಬಳಿಯ ತಿರುಮೇನಹಳ್ಳಿಯ ಹಜ್ಜ್ ಭವನಕ್ಕೆ. ಆಗ ನಗರದ ಟ್ರಾಫಿಕ್ ಸಿಗುತ್ತದೆ. ಪೆಟ್ರೋಲ್ ಕಾರಿನಂತೆ ಕರೆಂಟ್ ಕಾರು ಟ್ರಾಫಿಕ್‌ನಲ್ಲಿ ನಿಂತಾಗ ಇಂಜಿನ್ ಉರಿಸುವುದಿಲ್ಲ. ಖರ್ಚಾಗುವುದು ಎ.ಸಿ.ಯದ್ದು ಮಾತ್ರ. ನೀವು ಸೇರಿಸಿಕೊಳ್ಳಬೇಕಾದುದು ಸಮಯವನ್ನು.

ಹೊರಡುವ ಮುನ್ನಾದಿನ

ಮನೆಯ 15 ಆಂಪಿಯರ್ ಪ್ಲಗ್‌ನಲ್ಲಿ ಗಂಟೆಗೆ ಎರಡೂವರೆಯಿಂದ ಮೂರು ಯೂನಿಟ್ ತುಂಬುತ್ತದೆ. 20 ಶೇಕಡಾದಿಂದ ಪೂರ್ತಿ ತುಂಬಲು 30 ಯೂನಿಟ್ ಕಾರಿಗೆ ಎಂಟರಿಂದ ಹತ್ತು ಗಂಟೆ ಬೇಕು. ನಡುವೆ ಕರೆಂಟು ಹೋಗಬಹುದು. ಮಧ್ಯರಾತ್ರಿ ಹೊರಡುವವರು ಸಂಜೆ ಹಾಕಿದರೆ ಆಗದು, ಹಿಂದಿನ ರಾತ್ರಿಯೇ ಹಾಕಿ.

ಇಲ್ಲೊಂದು ಎಚ್ಚರಿಕೆ. ಹಳೇ ಮೈನ್ಸ್ ಕ್ವಾರ್ಟರ್ಸ್‌ಗಳಲ್ಲಿ, ಹಳೇ ಮನೆಗಳಲ್ಲಿ ವೈರಿಂಗ್ ಫ್ಯಾನು, ಬಲ್ಬಿಗೆಂದು ಮಾಡಿಸಿದ್ದು. ಅದರ ಮೇಲೆ ಹತ್ತು ಗಂಟೆ ಕಾರಿನ ಭಾರ ಹಾಕಿದರೆ ತಂತಿ ಕಾಯುತ್ತದೆ, ಬೆಂಕಿಯ ಅಪಾಯವಿದೆ. ಎಲೆಕ್ಟ್ರಿಷಿಯನ್ ಕರೆಸಿ ಪ್ರತ್ಯೇಕ ಲೈನು, ಸರಿಯಾದ ಅರ್ಥಿಂಗ್ ಮಾಡಿಸಿ. ಮಿಕ್ಸಿಗೆ ಬಳಸುವ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಓಣಿಗೆ ಅಡ್ಡಲಾಗಿ ವೈರ್ ಎಳೆದರೆ ನೆರೆಮನೆಯ ಮಕ್ಕಳು, ಮುದುಕರು ಎಡವುತ್ತಾರೆ. ನಮ್ಮ ಅನುಕೂಲ ನೆರೆಯವರ ಪೆಟ್ಟಾಗಬಾರದು.

ಫೋನಿನ ವಿಷಯ ಮರೆಯಬೇಡಿ. ಹೊರಗಿನ ಚಾರ್ಜರ್‌ಗಳು ಹೆಚ್ಚಾಗಿ ಆ್ಯಪ್ ಮೂಲಕವೇ ಶುರುವಾಗುತ್ತವೆ. ಆ್ಯಪ್‌ನಲ್ಲಿ ಮೊದಲೇ ಹಣ ಹಾಕಿಡಬೇಕು. ಹಲವು ಮನೆಗಳಲ್ಲಿ ನಡೆಯುವ ಮಾತು ಹೀಗಿರುತ್ತದೆ:

"ಭಾಯ್, ಆ್ಯಪ್ ತೆಗಿ, ಚಾರ್ಜ್ ಶುರು ಮಾಡೋಣ."

"ನನ್ನ ಫೋನಲ್ಲಿ ಎಲ್ಲಿದೆ? ಅಬ್ಬಾ ಫೋನಲ್ಲೇ ಇತ್ತು."

"ಅಬ್ಬಾ ಎಲ್ಲಿ?"

"ವಿಮಾನದಲ್ಲಿ."

ಹೊಸದಾಗಿ ಹಾಕಿಕೊಳ್ಳಲು ಹೋದರೆ ಒ.ಟಿ.ಪಿ. ಕೂಡ ಅಬ್ಬಾ ನಂಬರಿಗೇ ಬರುತ್ತದೆ. ಆದ್ದರಿಂದ ಹಿಂತಿರುಗಿ ಗಾಡಿ ಓಡಿಸುವವರ ಫೋನಿನಲ್ಲಿ, ಅವರದೇ ನಂಬರಿನಲ್ಲಿ, ಎರಡು ಬೇರೆ ಬೇರೆ ಕಂಪನಿಗಳ ಆ್ಯಪ್ ಇರಲಿ. ಮುನ್ನಾದಿನವೇ ಹಣ ಹಾಕಿಡಿ. ಹೊರಗಿನ ದರ ಮನೆಯ ದರದ ಎರಡು-ಮೂರು ಪಟ್ಟು ಇರಬಹುದು ಎಂಬ ಅಂದಾಜೂ ಇರಲಿ. ಇಂದಿನ ಹೆಚ್ಚಿನ ಕಾರುಗಳ ಫಾಸ್ಟ್ ಚಾರ್ಜಿಂಗ್ ಪಿನ್ನಿಗೆ ಸಿ.ಸಿ.ಎಸ್.-2 ಎಂದು ಹೆಸರು. ಆ್ಯಪ್‌ನಲ್ಲಿ ಆ ಹೆಸರಿರುವ ಜಾಗಗಳನ್ನೇ ಆರಿಸಿ, ಇತ್ತೀಚೆಗೆ ಅಲ್ಲಿ ಚಾರ್ಜ್ ಮಾಡಿದವರು ಏನು ಬರೆದಿದ್ದಾರೆ ಎಂದೂ ನೋಡಿ.

ಎರಡು ಚಾರ್ಜರ್ ಸಮಾನ ದೂರದಲ್ಲಿದ್ದರೆ ದರ ನೋಡಿ ಆರಿಸಬೇಡಿ. ಬೆಳಕು, ನೀರು, ಶೌಚಾಲಯ, ನಾಲ್ಕು ಜನರ ಓಡಾಟ ಇರುವುದನ್ನು ಆರಿಸಿ. ರಾತ್ರಿ ನಾಲ್ಕು ಗಂಟೆಗೆ ಹೆಂಗಸರು ಅರ್ಧ ಗಂಟೆ ಕೂರಬೇಕಾದ ಜಾಗ ಅದು.

ಕೊನೆಗೆ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು ಸ್ಟೇರಿಂಗ್ ಹತ್ತಿರ ಅಂಟಿಸಿ: ಮನೆ ಬಿಡುವ ಹೊತ್ತು, ತಲುಪಿದಾಗ ಇರಬೇಕಾದ ಶೇಕಡಾ, ಮೊದಲನೇ ಚಾರ್ಜರ್, ಅದು ಆಗದಿದ್ದರೆ ಎರಡನೆಯದು. ತಲುಪಿದಾಗ ಬರೆದದ್ದಕ್ಕಿಂತ ಹತ್ತು ಶೇಕಡಾ ಕಡಿಮೆ ಇದ್ದರೆ ಉಳಿದ ಲೆಕ್ಕವನ್ನೂ ಅಲ್ಲೇ ತಿದ್ದಿಕೊಳ್ಳಿ.

ಹಿಂದಿನ ಸೀಟಿನಲ್ಲಿ ಕೂತ ಅಮ್ಮಿಗೆ ಈ ಯೂನಿಟ್, ಶೇಕಡಾ ಒಂದೂ ತಿಳಿಯಬೇಕಿಲ್ಲ. ಅವರು ತಮ್ಮ ತಸ್ಬೀಹ್ ಎಣಿಸುತ್ತಾ ಹೋಗಲಿ. ಈ ಲೆಕ್ಕ ಎಣಿಸುವ ಜವಾಬ್ದಾರಿ ಗಾಡಿ ಓಡಿಸುವವರದು.