ಪಾಠ ಪುಕ್ಕಟೆ, ಕೂರಿಸುವವರು ಯಾರು?

ಮೈಸೂರಿನ ಹೂಟಗಳ್ಳಿಯ ಇನ್ಫೊಸಿಸ್ ಆವರಣ ಮುನ್ನೂರಕ್ಕೂ ಹೆಚ್ಚು ಎಕರೆಯದು. ಹೊಸದಾಗಿ ಸೇರಿದ ಎಂಜಿನಿಯರಿಂಗ್ ಪದವೀಧರರನ್ನು ತಿಂಗಳುಗಟ್ಟಲೆ ಹಾಸ್ಟೆಲಿನಲ್ಲಿರಿಸಿ, ಸಂಬಳ ಕೊಟ್ಟು, ತರಗತಿಯಲ್ಲಿ ಕೂರಿಸಿ ಇಲ್ಲಿ ಪಾಠ ಹೇಳುತ್ತಾರೆ. ಇದೇ ಕಂಪನಿ ‘ಸ್ಪ್ರಿಂಗ್‌ಬೋರ್ಡ್’ ಎಂಬ ಆನ್‌ಲೈನ್ ವೇದಿಕೆಯನ್ನೂ ನಡೆಸುತ್ತದೆ. ಅಲ್ಲಿ ಪ್ರೋಗ್ರಾಮಿಂಗ್ ಕಲಿಯಲು ಕಾಸು ಬೇಕಿಲ್ಲ. ವಿಡಿಯೊ ನೋಡಿದರೆ ಸಾಕು ಎಂಬುದಾಗಿದ್ದರೆ ಕಂಪನಿಗೆ ಇಂದಿಗೂ ಈ ಹಾಸ್ಟೆಲಿನ ಖರ್ಚು ಯಾಕೆ?

ಕೂರಿಸಿ ಕಲಿಸುವುದರಲ್ಲೂ ಕಠೋರತೆ ಇದೆ. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆ ದಾಟಲಿಲ್ಲವೆಂದು, 2025ರ ಫೆಬ್ರುವರಿಯಲ್ಲಿ ಮೈಸೂರಿನ ಇದೇ ಆವರಣದಿಂದ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಕಂಪನಿ ಹೊರಕಳಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಉಚಿತ ಕೋರ್ಸು ಯಾರನ್ನೂ ಹೀಗೆ ಕಳಿಸುವುದಿಲ್ಲ. ಅಲ್ಲಿ ನಾವೇ ಎದ್ದು ಹೋಗುತ್ತೇವೆ, ಕೇಳುವವರೂ ಇರುವುದಿಲ್ಲ.

ಎದ್ದು ಹೋಗುವವರ ಲೆಕ್ಕ ಶುರುವಿನಿಂದಲೂ ದೊಡ್ಡದೇ. 2011ರಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಸ್ಟ್ಯಾನ್‌ಫರ್ಡಿನ ಕೃತಕ ಬುದ್ಧಿಮತ್ತೆಯ ಪಾಠವನ್ನು ಜಗತ್ತಿಗೆಲ್ಲ ತೆರೆದಿಟ್ಟಾಗ ಹೆಸರು ಕೊಟ್ಟವರು ಸುಮಾರು 1,60,000. ಮುಗಿಸಿದವರು ಇಪ್ಪತ್ತು ಸಾವಿರ ಚಿಲ್ಲರೆ. ಮುಂದೆ ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸುಗಳಲ್ಲಿ, 2017–18ರ ಹೊತ್ತಿಗೆ, ಕೊನೆ ಮುಟ್ಟಿದವರು ನೂರಕ್ಕೆ ಮೂವರು. ಇದನ್ನು ಬರೀ ಸೋಮಾರಿತನ ಎನ್ನಲಾರೆ. ಒಂದು ಅಧ್ಯಾಯವಷ್ಟೇ ಬೇಕಿದ್ದವರೂ ಅದರಲ್ಲಿ ಇರುತ್ತಾರೆ.

ನಮ್ಮಲ್ಲಿ 2003ರಲ್ಲಿ ಏಳು ಐಐಟಿಗಳು ಬೆಂಗಳೂರಿನ ಐಐಎಸ್‌ಸಿ ಜೊತೆ ಸೇರಿ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ ಆರಂಭಿಸಿದವು. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ‘ಸ್ವಯಂ’ ಬಂತು. ಎನ್‌ಪಿಟಿಇಎಲ್ ಮಾಡಿದ ಜಾಣತನವೆಂದರೆ ಪಾಠ ಉಚಿತ, ಪರೀಕ್ಷೆಗೆ ಶುಲ್ಕ. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಕೇಂದ್ರಕ್ಕೇ ಹೋಗಿ ಬರೆಯುವ ಪರೀಕ್ಷೆಗೆ 75. ದುಡ್ಡು ಕಟ್ಟಿದವರು ಸುಲಭಕ್ಕೆ ಬಿಡುವುದಿಲ್ಲ! ಕಾಲೇಜಿನಲ್ಲಿ ಇರುವವರಿಗೆ ಇದು ನಿಜಕ್ಕೂ ಲಾಭ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸುಗಳನ್ನು ‘ಸ್ವಯಂ’ನಲ್ಲಿ ಓದಿ ಕ್ರೆಡಿಟ್ ಪಡೆಯಬಹುದು. ನೆನಪಿಸುವುದಕ್ಕೆ ಮೇಷ್ಟ್ರೂ ಇರುತ್ತಾರೆ.

ಆದರೆ ಹೂಟಗಳ್ಳಿ ಎಂದರೆ ಇನ್ಫೊಸಿಸ್ ಒಂದೇ ಅಲ್ಲ. ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಬರುವ ಐಟಿಐ ಹುಡುಗನಿಗೆ ಈ ಕ್ರೆಡಿಟ್ ಯಾವ ಖಾತೆಗೆ ಜಮಾ ಆಗಬೇಕು? ಅವನು ಯಾವ ಕಾಲೇಜಿನ ವಿದ್ಯಾರ್ಥಿಯೂ ಅಲ್ಲ. ಕೆಲವು ಎನ್‌ಪಿಟಿಇಎಲ್ ಪಾಠಗಳ ಬರಹರೂಪ ಕನ್ನಡದಲ್ಲೂ ಸಿಗುತ್ತದೆ, ಅದು ದೊಡ್ಡ ಉಪಕಾರ. ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷಿನದು. ರಾತ್ರಿ ಪಾಳಿಯವನಿಗೆ ಮೊಬೈಲಿನ ಪಾಠ ಹಗಲಲ್ಲಿ ಸಿಗುವುದು ಅನುಕೂಲವೇ, ಅನುಮಾನವಿಲ್ಲ. ಸಂದೇಹ ಬಂದರೆ ಕೇಳುವುದು ಯಾರನ್ನು?

ಇಲ್ಲಿ ಸರ್ಕಾರಕ್ಕಿಂತ ಮೊದಲು ಕಾರ್ಖಾನೆಗಳನ್ನು ಕೇಳಬೇಕೆನಿಸುತ್ತದೆ. ಸುರಕ್ಷತಾ ತರಬೇತಿಗೆ ಕೆಲಸಗಾರರನ್ನು ಕೂರಿಸುವ ಕೋಣೆಯನ್ನು ವಾರಕ್ಕೆರಡು ಗಂಟೆ ಇಂಥವರಿಗೆ ಬಿಟ್ಟುಕೊಡಬಹುದು, ವಿಷಯ ಗೊತ್ತಿರುವ ಒಬ್ಬ ಎಂಜಿನಿಯರನ್ನು ಜೊತೆಗೆ ಕೂರಿಸಬಹುದು. ಎನ್‌ಪಿಟಿಇಎಲ್ ಪರೀಕ್ಷೆಗಳು ಹೆಚ್ಚಾಗಿ ಬರುವುದು ಶನಿವಾರ, ಭಾನುವಾರ. ಆ ಒಂದು ಪಾಳಿಗೆ ಸಂಬಳ ಕತ್ತರಿಸದೆ ರಜೆ ಕೊಟ್ಟು, ಶುಲ್ಕವನ್ನೂ ಕಂಪನಿಯೇ ಕಟ್ಟಲಿ.