ಓಡುವ ನಾಯಿಗೆ ಯಾವ ಕೆಲಸ ಕೊಡಬೇಕು?

ಮುಧೋಳ ಮರಿ ತರಬೇಕೆನ್ನುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಮೂರು ಆಸೆ ಇರುತ್ತವೆ. ಕುರಿ ಕಾಯಬೇಕು, ಹೊಲಕ್ಕೆ ನುಗ್ಗುವ ಹಂದಿ ಓಡಿಸಬೇಕು, ಮನೆಯಲ್ಲಿ ಮಕ್ಕಳ ಜೊತೆ ಹೊಂದಿಕೊಂಡಿರಬೇಕು. ಮೊದಲನೆಯದನ್ನು ಅದು ಅರ್ಧ ಮಾಡೀತು. ಎರಡನೆಯದನ್ನು ಅದರಿಂದ ಮಾಡಿಸಲೇಬಾರದು. ಮೂರನೆಯದನ್ನು, ಯಾರೂ ನಿರೀಕ್ಷಿಸದಷ್ಟು ಚೆನ್ನಾಗಿ ಮಾಡುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಬಯಲು ಈ ನಾಯಿಗೆ ಹೇಳಿ ಮಾಡಿಸಿದಂತೆ ಕಾಣುವುದರಿಂದಲೇ ತರುವ ಮುನ್ನ ಎರಡು ಸಲ ಯೋಚಿಸಬೇಕು.

ಅದರ ಮೈಕಟ್ಟು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಗಂಡು ಭುಜದ ಮಟ್ಟದಲ್ಲಿ 68ರಿಂದ 72 ಸೆಂ.ಮೀ., ಹೆಣ್ಣು 64ರಿಂದ 68 ಸೆಂ.ಮೀ. ಎತ್ತರ. ತೂಕ ಮಾತ್ರ ಹೆಚ್ಚೆಂದರೆ 28 ಕಿಲೋ ಆಸುಪಾಸು. ಆಳವಾದ ಎದೆಗೂಡು, ಅದರೊಳಗೆ ದೊಡ್ಡ ಹೃದಯ, ಒಳಕ್ಕೆ ಸೇದಿಕೊಂಡ ಹೊಟ್ಟೆ. ಪೂರ್ಣ ವೇಗದಲ್ಲಿ ಓಡುವಾಗ ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುತ್ತದೆ. ಒಂದೊಂದು ನೆಗೆತದಲ್ಲಿ ನಾಲ್ಕೂ ಕಾಲು ಎರಡು ಸಲ ನೆಲ ಬಿಟ್ಟಿರುತ್ತವೆ: ಕಾಲುಗಳು ಹೊಟ್ಟೆಯ ಕೆಳಗೆ ಕೂಡಿದಾಗ ಒಮ್ಮೆ, ಹಿಂದೆಮುಂದೆ ಚಾಚಿದಾಗ ಇನ್ನೊಮ್ಮೆ. ತಲೆ ಉದ್ದ, ಕಿರಿದು, ಕಣ್ಣು ಪಕ್ಕಕ್ಕೆ. ಹಾಗಾಗಿ ಅಗಲ ನೋಟ, ದೂರದಲ್ಲಿ ಅಲುಗಿದ್ದು ತಟ್ಟನೆ ಕಣ್ಣಿಗೆ ಬೀಳುತ್ತದೆ. ಬಹುಪಾಲು ಬೇಟೆನಾಯಿಗಳು ಮೂಗು ನಂಬಿ ನಡೆದರೆ ಇದು ಕಣ್ಣು ನಂಬಿ ಓಡುತ್ತದೆ. ಅಲುಗದೆ ಕುಳಿತ ಮೊಲದ ಪಕ್ಕದಲ್ಲೇ ಸುಮ್ಮನೆ ಹಾದುಹೋಗಬಹುದು. ಅದು ಎದ್ದು ಓಡಿತೋ, ನಿಮ್ಮ ಕೂಗು ಮತ್ತೆ ಕಿವಿಗೆ ಬೀಳುವುದಿಲ್ಲ.

ಈ ಕಾಲು, ಈ ಕಣ್ಣು ಬೇಟೆಗಾಗಿಯೇ ರೂಪುಗೊಂಡವು. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಬೇಡರು ಸಾಕಿದ್ದ ಇಂಥ ನಾಯಿಗಳನ್ನು ಕಂಡು, ಆರಿಸಿ ಬೆಳೆಸಿ, ಜೋಡಿಯೊಂದನ್ನು ಐದನೇ ಜಾರ್ಜ್ ದೊರೆಗೆ ಕೊಟ್ಟರೆಂದು ಹೇಳುತ್ತಾರೆ. ಅಲ್ಲಿಂದ ಊರಿನ ಹೆಸರೇ ತಳಿಯ ಹೆಸರಾಯಿತು. ಮಹಾರಾಷ್ಟ್ರದಲ್ಲಿ ಇದರ ಬಳಗಕ್ಕೆ ಕಾರವಾನ್ ಎನ್ನುತ್ತಾರೆ. ಕಿವಿ, ಬಾಲಕ್ಕೆ ಉದ್ದ ಕೂದಲಿದ್ದರೆ ಪಶ್ಮಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಆರು ಮರಿಗಳು ಮೇರಠ್‌ನ ಸೇನಾ ಶ್ವಾನ ತರಬೇತಿ ಕೇಂದ್ರಕ್ಕೆ ಹೋದವು. ನಮ್ಮ ಸೀಮೆಗೂ ಬೇಡರ ನಂಟು ಹಳೆಯದೇ. ಹರಪನಹಳ್ಳಿ, ಗುಡೇಕೋಟೆಗಳನ್ನು ಆಳಿದವರು ಬೇಡ ಪಾಳೆಯಗಾರರು. ಕೂಡ್ಲಿಗಿ ಕಡೆ ಮ್ಯಾಸಬೇಡರ ಹಟ್ಟಿಗಳು ಇಂದಿಗೂ ಇವೆ. ಆದರೆ ಇಲ್ಲಿನ ಪ್ರತಿ ಸಣಕಲು ‘ಬ್ಯಾಟಿ ನಾಯಿ’ಯನ್ನೂ ಅಸಲಿ ಮುಧೋಳ ಎಂದು ಮಾರುವವರ ಮಾತು ನಂಬಬೇಡಿ.

ಈಗ ಹಂದಿಯ ವಿಷಯ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೇ ಶತಮಾನದ ಕಲ್ಲೊಂದು ಕಾಳಿ ಎಂಬ ನಾಯಿಯ ನೆನಪಿಗೆ ನಿಂತದ್ದು. ಗಂಗರ ಕಾಲದ ಮಣಲೇರ ಎಂಬ ವೀರ ತನ್ನ ಒಡೆಯನಿಂದ ಬೇಡಿ ಪಡೆದ ನಾಯಿ ಅದು. ದೊಡ್ಡ ಹಂದಿಯೊಂದರ ಮೇಲೆ ಅದನ್ನು ಬಿಟ್ಟರು; ಎರಡೂ ಒಂದನ್ನೊಂದು ಕೊಂದು ಸತ್ತವು. ಶಾಸನ ಹೊಗಳುವುದು ಶೌರ್ಯವನ್ನು. ನಾಯಿ ಸಾಕುವವರು ಅದರಲ್ಲಿ ಓದಬೇಕಾದದ್ದು ಫಲಿತಾಂಶವನ್ನು. ಮುಧೋಳದ ಚರ್ಮ ತೆಳು, ಅದರ ಕೆಳಗೆ ಕೊಬ್ಬಿಲ್ಲ. ಹಂದಿಯ ಕೋರೆ ಒಮ್ಮೆ ತಾಗಿದರೂ ಹೊಟ್ಟೆ ಸೀಳಿಹೋಗುತ್ತದೆ.

ಕಾನೂನೂ ಅಡ್ಡ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಲ್ಲುವುದಷ್ಟೇ ಬೇಟೆಯಲ್ಲ, ಪ್ರಾಣಿಯನ್ನು ಅಟ್ಟುವುದೂ ಬೇಟೆಯೇ. ನಾಯಿ ಬಿಟ್ಟು ಮೊಲ ಹಿಡಿಸಿ ವಿಡಿಯೊ ಹಾಕುವ ಹುಡುಗರು ತಮ್ಮ ಮೇಲಿನ ಸಾಕ್ಷ್ಯವನ್ನು ತಾವೇ ಒದಗಿಸುತ್ತಿದ್ದಾರೆ. ಮೆಕ್ಕೆಜೋಳ, ಶೇಂಗಾ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕುವುದೇ ಸರಿ. ರಾತ್ರಿ ಕಾವಲಿಗೆ ನಾಯಿ ಬೇಕೆಂದರೆ ಬೊಗಳುವ ಜವಾರಿ ನಾಯಿ ಸಾಕು.

ಕುರಿಗೆ ಬರೋಣ. ಕುರಿ ಕಾಯುವ ನಾಯಿಯ ಗುಣ ಹಿಂಡು ಬಿಟ್ಟು ಕದಲದಿರುವುದು. ಮುಧೋಳದ ಗುಣ ಇದಕ್ಕೆ ತಿರುವುಮುರುವು. ತೋಳ ಕಂಡರೆ ಅದರ ಹಿಂದೆ ಹೊರಟೇಬಿಡುತ್ತದೆ. ತೋಳ ಒಂಟಿಯಾಗಿ ಬಂದಿರದಿದ್ದರೆ ಅಷ್ಟರೊಳಗೆ ಇನ್ನೊಂದು ಇತ್ತಲಿಂದ ಮರಿ ಎತ್ತಿಕೊಂಡು ಹೋಗಿರುತ್ತದೆ. ಹಾಗೆಂದು ಪೂರ್ತಿ ನಿರುಪಯೋಗಿ ಅಲ್ಲ. ಹೊಲದಲ್ಲಿ ಕುರಿ ತರುಬಿದಾಗ ದೂರದ ಅಲುಗಾಟವನ್ನು ಎಲ್ಲರಿಗಿಂತ ಮೊದಲು ನೋಡುವುದು ಇದೇ. ಎರಡು ಮೂರು ಜವಾರಿ ನಾಯಿ ಹಿಂಡಿನ ಸುತ್ತ ಬಿಟ್ಟು, ಮುಧೋಳವನ್ನು ಮಲಗುವವನ ಪಕ್ಕದಲ್ಲಿ ಕಟ್ಟಿಕೊಳ್ಳುವುದು ಒಳ್ಳೆಯ ಹೊಂದಾಣಿಕೆ. ಅದು ಕಿವಿ ನಿಗುರಿಸಿ ಎದ್ದರೆ ನೀವೂ ಬ್ಯಾಟರಿ ಹಿಡಿದು ಏಳಬಹುದು. ಮರಿಯಿದ್ದಾಗಿನಿಂದಲೇ ಕುರಿಗಳ ನಡುವೆ ಬೆಳೆಸಿರಬೇಕು. ದೊಡ್ಡದಾದ ಮೇಲೆ ತಂದ ನಾಯಿಗೆ ಓಡುವ ಕುರಿಮರಿಯೂ ಬೇಟೆಯೇ.

ಕೂಡ್ಲಿಗಿ ತಾಲ್ಲೂಕಿನವರಿಗೆ ಇನ್ನೊಂದು ಎಚ್ಚರಿಕೆ: ಗುಡೇಕೋಟೆ ಕರಡಿಧಾಮದ ಸುತ್ತಮುತ್ತ ಈ ನಾಯಿಯನ್ನು ಎಂದೂ ಬಿಟ್ಟು ನಡೆಸಬೇಡಿ. ನಮ್ಮ ಕರಡಿ ಹೆದರಿ ಓಡುವುದಕ್ಕಿಂತ ತಿರುಗಿ ಬೀಳುವ ಪ್ರಾಣಿ. ಬಂಡೆಯ ಸಂದಿನ ಕರಡಿಯನ್ನು ಕೆಣಕಿದ ನಾಯಿ ರಕ್ಷಣೆಗೆ ಓಡಿ ಬರುವುದು ಒಡೆಯನ ಕಾಲ ಬುಡಕ್ಕೆ, ಹಿಂದೆಯೇ ಕರಡಿ. ಬೆಳಗಿನ ಜಾವ ಮತ್ತು ಮುಸ್ಸಂಜೆ, ಅಂದರೆ ನಾಯಿ ಅಡ್ಡಾಡಿಸಲು ನಾವು ಆರಿಸಿಕೊಳ್ಳುವ ಹೊತ್ತೇ, ಕರಡಿ ಓಡಾಡುವ ಹೊತ್ತು.

ಹಾಗಾದರೆ ಓಟಕ್ಕೆ ಎಲ್ಲಿ ಜಾಗ? ಬೇಲಿ ಹಾಕಿದ ತೋಟ, ಕಟಾವಾದ ಸ್ವಂತ ಹೊಲ. ಬಿಡುವ ಮೊದಲು ನೀವೇ ಒಮ್ಮೆ ಸುತ್ತು ಹಾಕಿ ನೋಡಿ. ತೆರೆದ ಬಾವಿ, ಕೃಷಿಹೊಂಡ, ಮುಳ್ಳುತಂತಿ, ಇವು ಮೂರೂ ಆ ವೇಗಕ್ಕೆ ಕಾಣುವುದಿಲ್ಲ. ದಿನಕ್ಕೆ ಕೆಲವೇ ನಿಮಿಷಗಳ ಬಿರುಸಿನ ಓಟ, ಜೊತೆಗೆ ಹಗ್ಗ ಹಿಡಿದು ಉದ್ದ ನಡಿಗೆ ಸಾಕು. ಇದು ದೂರದ ಓಟಗಾರನಲ್ಲ, ಸ್ವಲ್ಪದರಲ್ಲೇ ಎಲ್ಲ ಕಸುವು ಸುರಿದು ನಿಂತುಬಿಡುತ್ತದೆ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಉಷ್ಣಾಂಶ 40 ಡಿಗ್ರಿ ದಾಟುವ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲೇರಿದ ಮೇಲೆ ಓಡಿಸಿದರೆ ಪ್ರಾಣಕ್ಕೇ ಕುತ್ತು. ಕತ್ತು ತಲೆಗಿಂತ ದಪ್ಪವಿರುವುದರಿಂದ ಅಂಗಡಿಯ ಮಾಮೂಲಿ ಪಟ್ಟಿ ಜಾರಿಹೋಗುತ್ತದೆ; ಅಗಲ ಚರ್ಮದ ಪಟ್ಟಿ ಹೊಲಿಸಿ.

ಕರೆದರೆ ಬರುವುದನ್ನು ಕಲಿಸುವುದೇ ಕಷ್ಟದ ಪಾಠ. ಗದರಿದರೆ, ಹೊಡೆದರೆ ಇದು ಮುದುರಿಕೊಂಡು ದೂರವೇ ಉಳಿಯುತ್ತದೆ. ಮರಿಯಾಗಿದ್ದಾಗಿನಿಂದ ಹೆಸರು ಕರೆದು, ಬಂದಾಗಲೆಲ್ಲ ಮೊಟ್ಟೆಯ ಚೂರೋ ಮಾಂಸದ ತುಣುಕೋ ಕೊಡಿ. ತಡವಾಗಿ ಬಂದಿತೆಂದು ಶಿಕ್ಷಿಸಿದರೆ ಮುಂದಿನ ಸಲ ಇನ್ನೂ ತಡವಾಗಿ ಬರುತ್ತದೆ.

ಹಡಗಲಿ ತಾಲ್ಲೂಕಿನ ಮೈಲಾರಲಿಂಗನ ಪರಂಪರೆಯಲ್ಲಿ ಗೊರವರು ನಾಯಿಯಂತೆ ಬೊಗಳುತ್ತ ದೋಣಿ ಎಂಬ ಪಾತ್ರೆಯಲ್ಲಿಟ್ಟ ಎಡೆಯನ್ನು ಬಾಯಿಂದಲೇ ತಿನ್ನುವ ಸೇವೆಯಿದೆ. ದೇವರ ಬಂಟನಾಗಿ ನಾಯಿಗೆ ಇಷ್ಟು ಗೌರವ ಕೊಡುವ ಸೀಮೆಯಲ್ಲೂ ಅದು ಹೊಸ್ತಿಲು ದಾಟುವುದು ಹಲವು ಮನೆಗಳಿಗೆ ಒಗ್ಗದು. ಮುಧೋಳವನ್ನು ಮಾತ್ರ ಅಂಗಳದ ಗೂಟಕ್ಕೆ ಹಗಲಿಡೀ ಕಟ್ಟಿಹಾಕಿದರೆ ಕೆಡುತ್ತದೆ. ಕನಿಷ್ಠ ಪಡಸಾಲೆಯಲ್ಲಾದರೂ ಜಾಗ ಕೊಡಿ, ಚಳಿಗಾಲಕ್ಕೆ ಗೋಣಿಚೀಲವೋ ಹಳೆ ಕಂಬಳಿಯೋ ಹಾಸಿ. ಓಟ ಮುಗಿದಿದ್ದರೆ ಮನೆಯಲ್ಲಿ ಅದರಷ್ಟು ಸದ್ದಿಲ್ಲದ ನಾಯಿ ಅಪರೂಪ. ದಿನದ ಹೆಚ್ಚು ಹೊತ್ತು ಮಲಗಿಯೇ ಕಳೆಯುತ್ತದೆ. ಮನೆಯವರಿಗೆ ಅಂಟಿಕೊಳ್ಳುತ್ತದೆ, ಹೊರಗಿನವರು ಮೈಮುಟ್ಟಲು ಬಂದರೆ ಸರಿಯುತ್ತದೆ. ಮಕ್ಕಳಿಗೆ ಒಂದೇ ನಿಯಮ ಕಲಿಸಿ: ಮಲಗಿದ ನಾಯಿಯ ಮೇಲೆ ಬೀಳಬಾರದು. ಕೊಟ್ಟೂರು ತೇರಿನಂಥ ಜನಜಂಗುಳಿಗೆ, ಪಟಾಕಿ ಸದ್ದಿಗೆ ಒಯ್ಯಬೇಡಿ.

ಸೊಂಟದ ಎಲುಬು, ಹಿಂದಿನ ಎರಡು ಮೂರು ಪಕ್ಕೆಲುಬು ಕಾಣಿಸುವುದು ಈ ತಳಿಯ ಆರೋಗ್ಯದ ಲಕ್ಷಣವೇ. “ಇದಕ್ಕ ಊಟ ಹಾಕಲ್ಲೇನ್ರಿ?” ಎಂದು ಕೇಳುವ ನೆರೆಯವರಿಗೆ ಉತ್ತರ ಸಿದ್ಧವಿರಲಿ, ಅವರ ಮಾತು ಕೇಳಿ ಕೊಬ್ಬಿಸಬೇಡಿ. ಜೋಳದ ರೊಟ್ಟಿ, ಹಾಲು ಸೇರುತ್ತವೆ, ಆದರೆ ಅಷ್ಟೇ ಸಾಲದು. ಮೊಟ್ಟೆ, ಬೇಯಿಸಿದ ಮಾಂಸ ಬೇಕು. ಕೋಳಿಯನ್ನೇ ಒಳಬಿಡದ ಮ್ಯಾಸಬೇಡರ ಮನೆಗಳಲ್ಲಿ ಕುರಿ ಮಾಂಸ, ಹಾಲಿನಿಂದ ಸರಿದೂಗಿಸಬಹುದು. ದಿನದ ಊಟವನ್ನು ಎರಡು ಹೊತ್ತಿಗೆ ಹಂಚಿ. ತಿಂದ ಕೂಡಲೇ ಓಡಿಸಬೇಡಿ. ಆಳ ಎದೆಯ ನಾಯಿಗಳಲ್ಲಿ ಜಠರ ಉಬ್ಬಿ ತಿರುಚಿಕೊಂಡು ಕೆಲವೇ ತಾಸಿನಲ್ಲಿ ಸಾವು ಬರಬಹುದು.

ಕುರಿ ಇರುವವರು ಒಂದು ವಿಷಯವನ್ನು ಎಂದೂ ಮರೆಯಬಾರದು. ಕೊಯ್ದ ಕುರಿಯ ಹಸಿ ತಲೆ, ಪಿತ್ತಜನಕಾಂಗ, ಶ್ವಾಸಕೋಶಗಳನ್ನು ನಾಯಿಗೆ ಎಸೆಯುವುದು ಹಟ್ಟಿಗಳಲ್ಲಿ ರೂಢಿ. ಅವುಗಳಲ್ಲಿರುವ ನೀರುಗುಳ್ಳೆ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳುವಾಗುತ್ತದೆ. ಅದರ ಮೊಟ್ಟೆ ನಾಯಿಯ ಮಲದೊಂದಿಗೆ ಹುಲ್ಲಿಗೆ, ನೀರಿಗೆ, ಮಕ್ಕಳ ಕೈಗೆ ಹೋಗುತ್ತದೆ. ಒಂದು ಜಾತಿಯ ಹುಳುವಿನಿಂದ ಕುರಿ ತಲೆ ವಾರೆ ಮಾಡಿ ಗಿರಗಿರ ಸುತ್ತಿ ಸಾಯುತ್ತದೆ. ಇನ್ನೊಂದು ಮನುಷ್ಯರ ಪಿತ್ತಜನಕಾಂಗದಲ್ಲೇ ಗುಳ್ಳೆ ಬೆಳೆಸುತ್ತದೆ. ಬೇಯಿಸಿ ಹಾಕಿ, ಇಲ್ಲವೇ ಹೂಳಿ. ಪಶುವೈದ್ಯರ ಸಲಹೆಯಂತೆ ಮೂರು ತಿಂಗಳಿಗೊಮ್ಮೆ ಲಾಡಿಹುಳುವಿನ ಮಾತ್ರೆ ಕೊಡಿಸಿ.

ಮರಿ ತರುವುದಾದರೆ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಮುಧೋಳ ಸುತ್ತಿನ ರೈತರೂ ಸಾಕಿ ಮಾರುತ್ತಾರೆ. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ತಾಯಿಯನ್ನು ನೋಡದೆ ಕೊಳ್ಳಬೇಡಿ. ಬೆದರುವ, ಮೂಲೆ ಸೇರುವ ತಾಯಿಯ ಮರಿಯೂ ಹಾಗೇ ಆಗುವ ಸಂಭವ ಹೆಚ್ಚು. ಆರೆಂಟು ವಾರದಿಂದ ಡಿಸ್ಟೆಂಪರ್, ಪಾರ್ವೊ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಸಂತಾನಹರಣಕ್ಕೋ ಗಾಯ ಹೊಲಿಸಲಿಕ್ಕೋ ಆಸ್ಪತ್ರೆಗೆ ಒಯ್ದಾಗ, ಅರಿವಳಿಕೆ ಕೊಡುವ ಮೊದಲು ‘ಇದು ಮುಧೋಳ’ ಎಂದು ವೈದ್ಯರಿಗೆ ಹೇಳಿ. ಕೊಬ್ಬಿಲ್ಲದ ಓಟದ ನಾಯಿಗಳ ಮೈಯಿಂದ ಕೆಲವು ಅರಿವಳಿಕೆ ಮದ್ದುಗಳು ಬೇಗ ಇಳಿಯುವುದಿಲ್ಲ. ಮದ್ದಿನ ಆಯ್ಕೆ, ಪ್ರಮಾಣ ಎರಡನ್ನೂ ವೈದ್ಯರು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳುತ್ತಾರೆ.