ಹದಿಹರೆಯಕ್ಕೆ ಒಪ್ಪುವ ಕೋಣೆ

ಮಕ್ಕಳ ಅಂಗಿ ಗಿಡ್ಡವಾದೊಡನೆ ನಾವು ಹೊಸದನ್ನು ಹೊಲಿಸುತ್ತೇವೆ. ಅವರು ಮಲಗುವ ಮಂಚವೂ ಗಿಡ್ಡವಾಗಿರುವುದು ಮಾತ್ರ ಬಹುಕಾಲ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಹದಿಮೂರು ತುಂಬಿದ ಮಗಳು ಐದನೆಯ ವಯಸ್ಸಿನಲ್ಲಿ ಮಾಡಿಸಿದ ಮಂಚದ ಮೇಲೆ ಕಾಲು ಮಡಚಿ ಮಲಗುತ್ತಿದ್ದಳು. ಅದರ ಮೇಲೆಯೇ ಬಾಗಿ ಕುಳಿತು ಓದುತ್ತಿದ್ದಳು. ಬೆನ್ನು ನೋಯುತ್ತದೆಂದಾಗ ಎಣ್ಣೆ ಹಚ್ಚಿದೆವೇ ಹೊರತು ಮಂಚವನ್ನು ನೋಡಲಿಲ್ಲ.

ಕೊನೆಗೆ ಕೋಣೆಯನ್ನು ಬದಲಿಸಲು ಹೊರಟಾಗ ಮತ್ತೊಂದು ತಪ್ಪು ಮಾಡಿದೆವು. ಅವಳು ಶಾಲೆಯಲ್ಲಿದ್ದಾಗ ಗೋಡೆಯ ಮೇಲಿನ ಹಳೆಯ ಚಿತ್ರಗಳನ್ನು ಕಿತ್ತು, ನಮಗೆ ಮೆಚ್ಚಿದ ಬಣ್ಣವನ್ನು ತರಿಸಿದೆವು. ಸಂಜೆ ಬಂದವಳು, “ಇದು ನನ್ನ ಕೋಣೆಯೋ, ನಿಮ್ಮದೋ?” ಎಂದಷ್ಟೇ ಕೇಳಿ ಆ ರಾತ್ರಿ ಅಜ್ಜಿಯ ಬಳಿ ಮಲಗಿದಳು. ಮರುದಿನ ಅವಳನ್ನು ಕೂರಿಸಿಕೊಂಡು ಕೆಲಸವನ್ನು ಮೊದಲಿನಿಂದ ಆರಂಭಿಸಿದೆವು. ಬಣ್ಣ, ಪರದೆ, ಚಿತ್ರಗಳ ಆಯ್ಕೆ ಅವಳದು. ಆರೋಗ್ಯಕ್ಕೆ ಸಂಬಂಧಿಸಿದ ಹೊಣೆ ನಮ್ಮದು ಎಂದು ಮಾತಾಯಿತು.

ಮೊದಲನೆಯದು ನಿದ್ರೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ಆದರೆ ಈ ವಯಸ್ಸಿನಲ್ಲಿ ನಿದ್ರೆಗೆ ಕಾರಣವಾಗುವ ಮೆಲಟೋನಿನ್ ಎಂಬ ಹಾರ್ಮೋನು ಬಾಲ್ಯಕ್ಕಿಂತ ತಡವಾಗಿ ಸ್ರವಿಸತೊಡಗುತ್ತದೆ. ತಡವಾಗಿ ಮಲಗುವುದೆಲ್ಲ ಸೋಮಾರಿತನವಲ್ಲ. ಪ್ರಖರವಾದ ಬೆಳಕು, ಮೊಬೈಲಿನ ಪರದೆ ಅದನ್ನು ಇನ್ನಷ್ಟು ಮುಂದೂಡುತ್ತವೆ. ಆದುದರಿಂದ ಹಾಸಿಗೆಯ ಬಳಿ ಮಂದವಾದ ದೀಪ, ಕಿಟಕಿಗೆ ದಪ್ಪ ಪರದೆ ಇರಲಿ. ಬೆಳಿಗ್ಗೆ ಪರದೆಯನ್ನು ಸರಿಸಿ ಬಿಸಿಲನ್ನು ಒಳಬಿಡಬೇಕು. ಮೊಬೈಲು ರಾತ್ರಿ ಪಡಸಾಲೆಯಲ್ಲಿ ಚಾರ್ಜಿಗಿರಲಿ. ನಮ್ಮ ಮೊಬೈಲುಗಳನ್ನೂ ಅಲ್ಲಿಯೇ ಇಟ್ಟ ಮೇಲೆಯೇ ಮಗಳು ಈ ನಿಯಮವನ್ನು ಒಪ್ಪಿದಳು.

ಎರಡನೆಯದು ಓದುವ ಸ್ಥಳ. ಕುಳಿತಾಗ ಪಾದಗಳು ನೆಲಕ್ಕೆ ತಾಗಬೇಕು, ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬಿದ್ದರೆ ಪುಸ್ತಕದ ಮೇಲೆ ಕೈಯ ನೆರಳು ಬೀಳದು.

ಮೂರನೆಯದು ಬಣ್ಣ. ಹಳೆಯ ಮನೆಗಳ ಬಣ್ಣದಲ್ಲಿ ಸೀಸವಿರಬಹುದು. ಅದನ್ನು ಒಣಗಿದಂತೆಯೇ ಕೆರೆದರೆ ಧೂಳು ಶ್ವಾಸಕೋಶವನ್ನು ಸೇರುತ್ತದೆ. ಒದ್ದೆ ಮಾಡಿ ಕೆರೆಸಬೇಕು, ಆಗ ಮಕ್ಕಳು, ಗರ್ಭಿಣಿಯರು ಹತ್ತಿರವಿರಬಾರದು. 2016ರ ನಿಯಮದಂತೆ ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರುವಂತಿಲ್ಲ. ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳಬೇಕು. ಹೊಸ ಬಣ್ಣದ ವಾಸನೆ ಹೋಗುವವರೆಗೆ ಕಿಟಕಿಗಳನ್ನು ತೆರೆದಿಟ್ಟು, ಮಕ್ಕಳನ್ನು ಬೇರೆಡೆ ಮಲಗಿಸುವುದು ಒಳಿತು.

ಎಲ್ಲರ ಮನೆಯಲ್ಲಿ ಪ್ರತ್ಯೇಕ ಕೋಣೆ ಇರುವುದಿಲ್ಲ. ಪಡಸಾಲೆಯ ಒಂದು ಮೂಲೆಗೆ ಪರದೆ ಕಟ್ಟಿ, ಬೀಗವಿರುವ ಒಂದು ಪೆಟ್ಟಿಗೆಯನ್ನು ಕೊಟ್ಟರೂ ಸಾಕು. ಋತುಮತಿಯಾದ ಹೆಣ್ಣುಮಗುವಿಗೆ ತನ್ನ ಬಟ್ಟೆ, ಪ್ಯಾಡುಗಳನ್ನು ಸಂಕೋಚವಿಲ್ಲದೆ ಇಟ್ಟುಕೊಳ್ಳುವ ತಾಣ ಬೇಕು. ಗಂಡುಮಗುವಿಗೂ ತನ್ನದೆನ್ನುವ ಜಾಗ ಬೇಕು.

ಬಾಗಿಲು ತಟ್ಟಿ ಒಳಹೋಗುವುದನ್ನು ನಾವು ಈಗ ಕಲಿತಿದ್ದೇವೆ. ಆದರೆ ತಟ್ಟುವುದನ್ನೇ ಬಿಡಬಾರದು. ಮಗು ಎರಡು ವಾರಗಳಾದರೂ ಊಟ, ನಿದ್ರೆ, ಗೆಳೆಯರನ್ನು ಬಿಟ್ಟು ಕೋಣೆಯೊಳಗೇ ಉಳಿದರೆ ಅದನ್ನು ವಯಸ್ಸಿನ ಗುಣವೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಬೇಕು.

ನಮ್ಮ ಮಗಳು ಒಂದು ಗೋಡೆಗೆ ಆರಿಸಿದ್ದು ಬೂದುಬಣ್ಣ. ನಮಗೆ ಅದು ಇಂದಿಗೂ ಹಿಡಿಸಿಲ್ಲ. ಅವಳು ಮಾತ್ರ ಆ ಗೋಡೆಯ ಪಕ್ಕದಲ್ಲಿ ಕಾಲು ಚಾಚಿ ಮಲಗುತ್ತಾಳೆ; ಬೆನ್ನುನೋವಿನ ಮಾತೂ ಈಗ ಕೇಳಿಬರುತ್ತಿಲ್ಲ.